ಹಿಮ ಬೀಳುವ ಸಣ್ಣ ಊರಿನ ಪ್ರೇಮಕಥೆಗಳಲ್ಲಿ ಕೆಲಸ ಎಲ್ಲಿದೆ? ಕ್ರಿಸ್ಮಸ್ ಕಿರುಕಾದಂಬರಿಗಳ ಬಗ್ಗೆ ಒಂದು ಚರ್ಚೆ

ತೋಟದಮನೆ ಓದುಗಿ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವಳು. ಡಿಸೆಂಬರ್ ನಮಗೆ ಕೊಯ್ಲಿನ ತಿಂಗಳು; ಹಗಲೆಲ್ಲ ಅಡಿಕೆ ಕೊನೆ (ಗೊನೆ) ಇಳಿಸುವವರ ಊಟ-ತಿಂಡಿಯ ಗಡಿಬಿಡಿ, ಸಂಜೆಯಾದರೆ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವ ಕೆಲಸ. ಎಷ್ಟು ತೊಳೆದರೂ ಬೆರಳಿನ ಸಂದಿಯಲ್ಲಿ ಅಡಿಕೆಯ ಕರೆ ಉಳಿದೇ ಇರುತ್ತದೆ. ಅದೇ ಬೆರಳಿನಿಂದ ಫೋನಿನ ಪುಟ ಸರಿಸುತ್ತ, ಮಲಗುವ ಮುಂಚೆ ಅರ್ಧ ಗಂಟೆ, ಏಳೆಂಟು ವರ್ಷಗಳಿಂದ ನಾನು ಓದುತ್ತಿರುವುದು ಅಮೆರಿಕದ ಸಣ್ಣ ಊರುಗಳಲ್ಲಿ ನಡೆಯುವ ಕ್ರಿಸ್ಮಸ್ ಪ್ರೇಮ ಕಿರುಕಾದಂಬರಿಗಳನ್ನು.

ಈ ಪ್ರಕಾರದ ಪರಿಚಯವಿಲ್ಲದವರಿಗೆ ಎರಡು ಮಾತು. ನೂರು, ನೂರೈವತ್ತು ಪುಟಗಳ ಕಥೆ. ನವೆಂಬರಿನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲಿ ಶುರುವಾಗಿ ಡಿಸೆಂಬರ್ 24ರ ರಾತ್ರಿಗೆ ಮುಗಿಯುತ್ತದೆ. ದೊಡ್ಡ ನಗರದಲ್ಲಿ ಉದ್ಯೋಗದಲ್ಲಿರುವವಳು ಯಾವುದೋ ಕಾರಣಕ್ಕೆ ಹುಟ್ಟೂರಿಗೆ ಮರಳುತ್ತಾಳೆ. ಅಲ್ಲಿ ಮುಚ್ಚಿಹೋಗುವ ಸ್ಥಿತಿಯಲ್ಲಿರುವ ಬೇಕರಿಯೋ, ವಸತಿಗೃಹವೋ, ಕ್ರಿಸ್ಮಸ್ ಮರದ ತೋಟವೋ ಇರುತ್ತದೆ. ಅದನ್ನು ನಡೆಸುತ್ತಿರುವ, ಮಾತು ಕಡಿಮೆಯಿರುವ ಒಬ್ಬ ಗಂಡಸೂ ಇರುತ್ತಾನೆ. ಮುತ್ತಿನಿಂದಾಚೆಗೆ ಕಥೆ ಹೋಗುವುದಿಲ್ಲ, ಅದಕ್ಕೇ ಇವುಗಳಿಗೆ ಸ್ವೀಟ್ ರೊಮ್ಯಾನ್ಸ್ ಎಂದು ಹೆಸರು. ಕೊನೆಗೆ ಇಬ್ಬರೂ ಒಂದಾಗುತ್ತಾರೆ ಎಂಬುದು ಮೊದಲ ಪುಟದಲ್ಲೇ ಗೊತ್ತಿರುತ್ತದೆ.

ಇಷ್ಟು ಓದಿದ ಮೇಲೂ ನನ್ನ ನೆನಪಿನಲ್ಲಿ ಉಳಿದಿರುವ ಕಥೆಗಳು ಹತ್ತನ್ನು ದಾಟುವುದಿಲ್ಲ. ಆ ಹತ್ತು ಏಕೆ ಉಳಿದವು ಎಂದು ಈ ವರ್ಷ ಕುಳಿತು ಯೋಚಿಸಿದೆ. ನನಗೆ ಹೊಳೆದದ್ದು ಇಷ್ಟು: ಆ ಕಥೆಗಳಲ್ಲಿ ಜನ ನಿಜವಾಗಿಯೂ ಕೆಲಸ ಮಾಡುತ್ತಾರೆ. ಬೇಕರಿಯವಳು ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾಳೆ, ಹಿಟ್ಟು ಉಬ್ಬದಿದ್ದರೆ ಅವಳಿಗೆ ಆ ದಿನದ ವ್ಯಾಪಾರದ ಚಿಂತೆ ಹತ್ತುತ್ತದೆ, ಆ ಚಿಂತೆಯ ನಡುವೆ ಒಬ್ಬ ಬಂದು ಒಲೆಯ ಬಾಗಿಲು ಸರಿಮಾಡಿ ಕೊಟ್ಟು ಹೋಗುತ್ತಾನೆ. ಪ್ರೀತಿ ಹುಟ್ಟಿತೆಂದು ಲೇಖಕಿ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ಮರೆತುಹೋದ ಕಥೆಗಳಲ್ಲಿಯೂ ಬೇಕರಿ ಇತ್ತು, ಆದರೆ ಅಲ್ಲಿ ಯಾರ ಕೈಗೂ ಹಿಟ್ಟು ಅಂಟಿರಲಿಲ್ಲ. ಈ ವಿಷಯದಲ್ಲಿ ನಿಮ್ಮ ಅನುಭವ ಏನು ಎಂದು ತಿಳಿಯುವ ಆಸೆ.

ಹಳೆ ಪುಸ್ತಕದಂಗಡಿ:

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಬೆಂಗಳೂರಿನಲ್ಲಿ ಬಹಳ ಕಾಲ ಬಾಡಿಗೆಗೆ ಪುಸ್ತಕ ಕೊಡುವ ಸಣ್ಣ ಗ್ರಂಥಾಲಯ ನಡೆಸಿದವನು ನಾನು. 1908ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಮಿಲ್ಸ್ ಅಂಡ್ ಬೂನ್ ಸಂಸ್ಥೆಯ ಪುಸ್ತಕಗಳು ನನ್ನ ಕಪಾಟಿನಲ್ಲಿ ಒಂದು ವಾರವೂ ನಿಲ್ಲುತ್ತಿರಲಿಲ್ಲ. ಕೆನಡಾದ ವಿನ್ನಿಪೆಗ್‌ನಲ್ಲಿ 1949ರಲ್ಲಿ ಹುಟ್ಟಿದ ಹಾರ್ಲೆಕ್ವಿನ್ 1971ರಲ್ಲಿ ಆ ಸಂಸ್ಥೆಯನ್ನು ಕೊಂಡುಕೊಂಡಿತು. ಡಿಸೆಂಬರ್ ಬಂತೆಂದರೆ ಮುಖಪುಟದಲ್ಲಿ ಹಿಮ ಇರುವ ಪ್ರತಿಗಳನ್ನೇ ಕೇಳಿಕೊಂಡು ಬರುವ ಓದುಗರಿದ್ದರು. ಅವರಲ್ಲಿ ಹೆಚ್ಚಿನವರು ಹಿಮವನ್ನು ಕಣ್ಣಾರೆ ಕಂಡವರಲ್ಲ.

ಹಬ್ಬಕ್ಕೆಂದೇ ಒಂದು ಕಿರುಕಾದಂಬರಿ ಎಂಬ ರೂಢಿಯ ಬೇರು ಹುಡುಕುತ್ತ ಹೋದರೆ ನಾವು ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವರ ಬಾಗಿಲಿಗೆ ಬರುತ್ತೇವೆ. ‘ಎ ಕ್ರಿಸ್ಮಸ್ ಕ್ಯಾರಲ್’ ಪ್ರಕಟವಾದದ್ದು 1843ರ ಡಿಸೆಂಬರ್ 19ರಂದು; ಮೊದಲ ಮುದ್ರಣದ 6,000 ಪ್ರತಿಗಳು ಕ್ರಿಸ್ಮಸ್ ಹಿಂದಿನ ದಿನದೊಳಗೆ ಖಾಲಿಯಾದವು. ಅದು ಪ್ರೇಮಕಥೆ ಅಲ್ಲ, ನಿಜ. ಆದರೆ ಅದರೊಳಗೆ ಮುರಿದುಹೋದ ಪ್ರೇಮವೊಂದು ಇದೆ ಎಂಬುದನ್ನು ನಾವು ಮರೆಯುತ್ತೇವೆ. ಕಥಾನಾಯಕ, ಜಿಪುಣ ಸ್ಕ್ರೂಜ್‌ನ ಮನಸ್ಸಿನಲ್ಲಿ ಹಣ ತನ್ನ ಜಾಗವನ್ನು ಆಕ್ರಮಿಸಿಕೊಂಡಿತೆಂದು ತಿಳಿದು, ಅವನನ್ನು ಮದುವೆಯಾಗಬೇಕಿದ್ದ ಬೆಲ್ ಬಿಟ್ಟು ಹೋಗುತ್ತಾಳೆ. ಅವನು ಕೊನೆಗೆ ಎಷ್ಟೇ ಬದಲಾದರೂ ಅವಳು ಮರಳುವುದಿಲ್ಲ. ಡಿಕನ್ಸ್ ಕೊಡದೆ ಹೋದ ಆ ಎರಡನೆಯ ಅವಕಾಶವನ್ನು ಇಂದಿನ ಈ ಕಿರುಕಾದಂಬರಿಗಳು ಕೊಡುತ್ತಿವೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕೆಲಸದ ಹಿಂದೆ ಬಿದ್ದು ಪ್ರೀತಿಯನ್ನು ಕಳೆದುಕೊಂಡವರು, ವರ್ಷದ ಆ ಒಂದು ವಾರದಲ್ಲಿ, ತಡವಾಗಿಯಾದರೂ ಮನೆಗೆ ತಲುಪುತ್ತಾರೆ.

ನೀವು ಹೇಳಿದ ಕೆಲಸದ ಮಾತಿಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ, ಅದು ದುಡ್ಡು. 1905ರ ಡಿಸೆಂಬರಿನಲ್ಲಿ ಪ್ರಕಟವಾದ ಓ. ಹೆನ್ರಿಯ ‘ದಿ ಗಿಫ್ಟ್ ಆಫ್ ದಿ ಮ್ಯಾಜೈ’, ನಮ್ಮಲ್ಲಿ ಬಹಳ ಮಂದಿ ಶಾಲೆಯ ಇಂಗ್ಲಿಷ್ ಪಾಠದಲ್ಲಿ ಓದಿರುವ ಆ ಬಡ ದಂಪತಿಯ ಕಥೆಯನ್ನು ನೆನೆಯಿರಿ. ಅದು ನ್ಯೂಯಾರ್ಕ್ ನಗರದ ಕಥೆ, ಸಣ್ಣ ಊರಿನದಲ್ಲ. ಆದರೂ ಈ ಸಿಹಿ ಕಥೆಗಳೆಲ್ಲದರ ಅಜ್ಜಿ ಅದೇ. ಹೆಂಡತಿಯ ಕೈಯಲ್ಲಿ ಉಳಿದಿರುವುದು 1 ಡಾಲರ್ 87 ಸೆಂಟ್ ಎಂದು ಕಥೆ ಮೊದಲ ಸಾಲಿನಲ್ಲೇ ಎಣಿಸಿ ಹೇಳುತ್ತದೆ. ಆ ಲೆಕ್ಕ ಇಲ್ಲದಿದ್ದರೆ ಗಂಡನ ಉಡುಗೊರೆಗಾಗಿ ಅವಳು ಮಾರಿದ ಕೂದಲಿಗೆ ತೂಕ ಬರುತ್ತಿರಲಿಲ್ಲ.

ಕೆರೊಲಿನಾದಿಂದ:

ನಾನು ಮೂಲತಃ ಹಾಸನದವನು, ಈಗ ಹಲವು ವರ್ಷಗಳಿಂದ ಉತ್ತರ ಕೆರೊಲಿನಾದ ಷಾರ್ಲಟ್ ನಗರದಲ್ಲಿದ್ದೇನೆ. ಈ ಕಥೆಗಳನ್ನು ಓದುವವಳು ನನ್ನ ಹೆಂಡತಿ; ಅವಳು ಓದಿ ಹೇಳುವುದನ್ನು ಕೇಳಿ ಕೇಳಿ ನನಗೂ ರುಚಿ ಹತ್ತಿದೆ. ಇಲ್ಲಿಂದ ಸುಮಾರು ಎರಡು ಗಂಟೆ ಬ್ಲೂ ರಿಜ್ ಬೆಟ್ಟಗಳ ಕಡೆಗೆ ಕಾರು ಓಡಿಸಿದರೆ ಆಶ್ ಕೌಂಟಿ ಸಿಗುತ್ತದೆ; ಆ ಸೀಮೆಯೆಲ್ಲ ಕ್ರಿಸ್ಮಸ್ ಮರದ ತೋಟಗಳು. ಥ್ಯಾಂಕ್ಸ್‌ಗಿವಿಂಗ್ ಮುಗಿದ ವಾರಾಂತ್ಯದಲ್ಲಿ ನಾವು ಅಲ್ಲಿಗೆ ಹೋಗಿ ನಮ್ಮ ಮರವನ್ನು ನಾವೇ ಆರಿಸಿ ಗರಗಸದಿಂದ ಕೊಯ್ದು ತರುತ್ತೇವೆ. ಕೊಯ್ದ ಮರವನ್ನು ಯಂತ್ರದ ಮೇಲೆ ನಿಲ್ಲಿಸಿ ಗಡಗಡ ಅಲ್ಲಾಡಿಸಿ ಒಣಗಿದ ಎಲೆ ಉದುರಿಸುತ್ತಾರೆ, ಆಮೇಲೆ ಬಲೆಯೊಳಗೆ ತೂರಿಸಿ ಕಾರಿನ ಮೇಲೆ ಕಟ್ಟಿ ಕೊಡುತ್ತಾರೆ. ಫ್ರೇಸರ್ ಫರ್ ಎಂಬ ಆ ಮರದ ಎಲೆಯ ಅಡಿಭಾಗದಲ್ಲಿ ಬೆಳ್ಳಿಯ ಗೆರೆಗಳಿವೆ. ಉಗುರಿನಿಂದ ಚಿವುಟಿದರೆ ನಿಂಬೆ ಮತ್ತು ರಾಳ ಸೇರಿದಂತಹ ವಾಸನೆ ಬರುತ್ತದೆ.

ಕಥೆಗಳಲ್ಲಿ ಈ ತೋಟ ಡಿಸೆಂಬರಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ನನ್ನ ಆಕ್ಷೇಪ ಇರುವುದು ಅಲ್ಲಿಯೇ. ಸಸಿಗೆ ನರ್ಸರಿಯಲ್ಲಿ ನಾಲ್ಕೈದು ವರ್ಷ, ಬಯಲಿಗೆ ನಾಟಿ ಮಾಡಿದ ಮೇಲೆ ಆಳೆತ್ತರ ದಾಟಲು ಇನ್ನೂ ಏಳೆಂಟು ವರ್ಷ ಬೇಕು. ಆ ಗೋಪುರದ ಆಕಾರ ತಾನಾಗಿ ಬರುವುದಿಲ್ಲ. ಪ್ರತಿ ವರ್ಷ ಜುಲೈ ಬಿಸಿಲಿನಲ್ಲಿ ಉದ್ದನೆಯ ಕತ್ತಿ ಹಿಡಿದು, ಕಾಲಿಗೆ ಏಟು ಬೀಳದಂತೆ ರಕ್ಷಾಪಟ್ಟಿ ಕಟ್ಟಿಕೊಂಡು, ಒಂದೊಂದೇ ಮರವನ್ನು ಸುತ್ತಿ ಸುತ್ತಿ ಸವರಬೇಕು. ಆ ಕೆಲಸ ಮಾಡುವವರಲ್ಲಿ ಬಹುಪಾಲು ಮೆಕ್ಸಿಕೋದಿಂದ ಋತುಮಾನದ ವೀಸಾದ ಮೇಲೆ ಬರುವ ಕೂಲಿಯವರು. ತೋಟದ ಮಾಲೀಕ ಮತ್ತು ಅವನನ್ನು ಪ್ರೀತಿಸುವವಳು ಮಾತ್ರ ಇರುವ, ಕತ್ತಿ ಹಿಡಿದವರು ಯಾರೂ ಇಲ್ಲದ ಊರು ನನಗೆ ಅರ್ಧ ಊರಾಗಿ ಕಾಣುತ್ತದೆ. ಓದುವಾಗ ನನಗೆ ಇದು ನಿಜಕ್ಕೂ ನೋವು ಕೊಡುತ್ತದೆ, ಏಕೆಂದರೆ ನಮ್ಮ ಮನೆಯ ಮರವನ್ನು ಪ್ರತಿ ವರ್ಷ ಬಲೆಯಲ್ಲಿ ಕಟ್ಟಿಕೊಡುವ ಕೈಗಳು ಅವರದೇ.

ತೋಟದಮನೆ ಓದುಗಿ:

ಸರ್, ನೀವು ಬರೆದದ್ದನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಕೊನೆ ಇಳಿಸಲು ಬರುವವರು ಇಲ್ಲದೆ ಅಡಿಕೆ ತೋಟದ ಕಥೆ ಬರೆಯಲು ಸಾಧ್ಯವೇ ಎಂದು ನಮ್ಮ ಅತ್ತೆ ಕೇಳಿದರು. ನಿಮ್ಮ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಇನ್ನೊಂದು ಪ್ರಶ್ನೆ ಇದೆ. ಈ ಕಥೆಗಳಲ್ಲಿ ತೋಟಕ್ಕೆ ಬರುವ ಆಪತ್ತು ಯಾವಾಗಲೂ ಬ್ಯಾಂಕಿನ ಸಾಲ, ಇಲ್ಲವೇ ಜಾಗ ಕೊಂಡು ರೆಸಾರ್ಟ್ ಕಟ್ಟಲು ಬರುವ ಕಂಪನಿ. ಬೆಳೆಗಾರನ ಮನೆಯವಳಾಗಿ ನನಗೆ ಅದು ಅಷ್ಟು ನಂಬಿಕೆ ಹುಟ್ಟಿಸುವುದಿಲ್ಲ. ಸಾಲ ಬರುವುದು ಆಮೇಲೆ. ಅದಕ್ಕೆ ಮೊದಲು ಮರಕ್ಕೆ ಏನೋ ಆಗಿರುತ್ತದೆ. ಅಲ್ಲಿನ ಮರಗಳಿಗೆ ರೋಗ ಬರುವುದಿಲ್ಲವೇ?

ಕೆರೊಲಿನಾದಿಂದ:

ಬರುತ್ತದೆ ಮೇಡಂ, ಮತ್ತು ಅದರ ಹೆಸರು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಫೈಟಾಫ್ತೊರ. ನಿಮ್ಮ ಅಡಿಕೆಗೆ ಮಳೆಗಾಲದಲ್ಲಿ ಕೊಳೆ ರೋಗ ತರುವ ಜೀವಿಯ ಕುಲವೇ ಅದು, ಪ್ರಭೇದ ಮಾತ್ರ ಬೇರೆ. ನಿಮ್ಮಲ್ಲಿ ಅದು ಕಾಯಿ ಉದುರಿಸುತ್ತದೆ. ಇಲ್ಲಿ ನೀರು ನಿಲ್ಲುವ ಮಣ್ಣಿನಲ್ಲಿ ಬೇರು ಕೊಳೆಸುತ್ತದೆ. ಹಸಿರಾಗಿದ್ದ ಮರ ಕೆಂಪಗೆ ತಿರುಗಿ ಸಾಯುತ್ತದೆ. ಒಮ್ಮೆ ಮಣ್ಣಿಗೆ ಸೇರಿತೆಂದರೆ ಆ ಜಾಗದಲ್ಲಿ ಮತ್ತೆ ಫ್ರೇಸರ್ ಫರ್ ನೆಡುವುದು ಕಷ್ಟ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. 2008ರ ಆರ್ಥಿಕ ಕುಸಿತದ ಸಮಯದಲ್ಲಿ ಅಮೆರಿಕದ ಬೆಳೆಗಾರರು ಕಡಿಮೆ ಸಸಿ ನೆಟ್ಟರು; ಅದರ ಪರಿಣಾಮವಾಗಿ 2016–17ರ ಹೊತ್ತಿಗೆ ಮರಗಳ ಕೊರತೆ ಎದುರಾಗಿ ಬೆಲೆ ಏರಿತು. ಹತ್ತು ವರ್ಷದ ಹಿಂದೆ ಭಯಪಟ್ಟು ನೆಡದೆ ಬಿಟ್ಟದ್ದು ಇಂದು ಖಾಲಿ ಸಾಲಾಗಿ ಎದುರು ನಿಲ್ಲುತ್ತದೆ. ಹುಟ್ಟೂರು ಬಿಟ್ಟು ಹತ್ತು ವರ್ಷವಾದ ಮೇಲೆ ಮರಳುವ ನಾಯಕಿಯ ಕಥೆಗೆ ಇದಕ್ಕಿಂತ ಒಳ್ಳೆಯ ತೋಟ ಸಿಗಲಾರದು ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಕಡಲತಡಿಯವಳು:

ನಾನು ಮಂಗಳೂರಿನ ಕ್ಯಾಥೊಲಿಕ್ ಮನೆತನದವಳು. ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಕ್ರಿಸ್ಮಸ್ ಕಥೆಗಳ ಬಗ್ಗೆ ಇಷ್ಟು ಮಾತು ನಡೆದರೂ ಕ್ರಿಸ್ಮಸ್ಸಿನ ಬಗ್ಗೆ ಯಾರೂ ಬರೆದಿಲ್ಲ ಎಂಬುದು ನನ್ನನ್ನು ಸ್ವಲ್ಪ ಕಾಡಿತು. ಇದು ನಿಮ್ಮ ತಪ್ಪಲ್ಲ, ಆ ಪುಸ್ತಕಗಳೇ ಹಾಗಿವೆ. ಚೌಕದಲ್ಲಿ ಮರಕ್ಕೆ ದೀಪ ಹಚ್ಚುತ್ತಾರೆ, ಕುಕ್ಕಿ ಹಂಚಿಕೊಳ್ಳುತ್ತಾರೆ, ಮುತ್ತಿಡುವ ರೂಢಿಯಿರುವ ಮಿಸಲ್‌ಟೋ ಗಿಡದ ಕೊಂಬೆಯ ಕೆಳಗೆ ನಿಲ್ಲುತ್ತಾರೆ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಇಲ್ಲ, ಚರ್ಚಿನ ನಡುರಾತ್ರಿಯ ಬಲಿಪೂಜೆ ಇಲ್ಲ. ಹಾರ್ಲೆಕ್ವಿನ್ ಸಂಸ್ಥೆಯ ‘ಲವ್ ಇನ್‌ಸ್ಪೈರ್ಡ್’ ಎಂಬ ಮಾಲಿಕೆ 1997ರಿಂದ ಕ್ರೈಸ್ತ ನಂಬಿಕೆಯ ಪ್ರೇಮಕಥೆಗಳನ್ನೇ ತರುತ್ತಿದೆ, ಅಲ್ಲಿ ಪ್ರಾರ್ಥನೆ ಇರುತ್ತದೆ. ಆದರೆ ಅಲ್ಲಿಯೂ ನನಗೆ ಬೇಕಾದದ್ದು ಎಲ್ಲ ಸಲವೂ ಸಿಗುವುದಿಲ್ಲ. ನನಗೆ ಬೇಕಾದದ್ದು ಆಗಮನ ಕಾಲ, ಅಂದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವಿಕೆ. ಕಾಯುವುದನ್ನು ಬಲ್ಲ ಹಬ್ಬ ಇದು. ಪ್ರೇಮಕಥೆಗೆ ಅದಕ್ಕಿಂತ ಹತ್ತಿರದ ಭಾವ ಯಾವುದಿದೆ?

ಕೆಲಸದ ಮಾತಿಗೆ ಬಂದರೆ, ನಮ್ಮಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳನ್ನು, ಮಾಡುವ ವಾರವನ್ನು ನೀವು ನೋಡಬೇಕು. ನೆವ್ರಿಯೊ, ಗುಳಿಯೊ, ಕಿಡಿಯೊ, ಗುಲಾಬಿ ಹೂ, ಚಕ್ಕುಲಿ ಎಲ್ಲವೂ ಮನೆಯಲ್ಲೇ ಆಗಬೇಕು, ಒಬ್ಬರಿಂದ ಆಗುವ ಕೆಲಸ ಅಲ್ಲ. ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಹಿಟ್ಟಿನ ಮುದ್ದೆ ಇಟ್ಟು, ಮನೆಯವರೆಲ್ಲ ಕೈಗೊಂದು ಫೋರ್ಕ್ ಹಿಡಿದು ಕುಳಿತು, ಅದರ ಬೆನ್ನಿನ ಮೇಲೆ ಹಿಟ್ಟನ್ನು ಸುರುಳಿ ಮಾಡಿ ಕಿಡಿಯೊ ಸುತ್ತುತ್ತಾರೆ. ಮದುವೆ ನಿಶ್ಚಯವಾದ ಮೇಲೆ ನನ್ನ ಗಂಡ ಮೊದಲ ಸಲ ನಮ್ಮ ಮನೆಗೆ ಬಂದದ್ದು ಅಂಥದೊಂದು ರಾತ್ರಿ. ಅಪ್ಪ ಅವರ ಕೈಗೂ ಒಂದು ಫೋರ್ಕ್ ಕೊಟ್ಟರು. ನಾವಿಬ್ಬರೂ ಎರಡು ಗಂಟೆ ಎದುರುಬದುರು ಕುಳಿತಿದ್ದೆವು, ಮಾತಾಡಿದ್ದು ಹತ್ತು ವಾಕ್ಯ ಇರಲಿಕ್ಕಿಲ್ಲ. ಆದರೆ ಅವರು ಹಿಟ್ಟನ್ನು ಅವಸರ ಮಾಡದೆ ಹಿಡಿಯುವ ಬಗೆಯನ್ನು ನಾನು ನೋಡಿದ್ದೆ. ಅಮೆರಿಕದ ಕಥೆಗಳಲ್ಲಿ ಬರುವ ಜಿಂಜರ್‌ಬ್ರೆಡ್ ಸ್ಪರ್ಧೆಯಲ್ಲಿ ಗೆಲ್ಲುವವರು ಯಾರು ಎಂಬುದೇ ದೊಡ್ಡದಾಗಿ ಇಂಥ ನೋಟಗಳಿಗೆ ಜಾಗ ಸಿಗುವುದಿಲ್ಲ.

ಬರೆಯುತ್ತಿರುವವಳು:

ಇದುವರೆಗೆ ಸುಮ್ಮನೆ ಓದುತ್ತಿದ್ದೆ, ಈಗ ಹೇಳಿಬಿಡುತ್ತೇನೆ. ನಾನು ಇಂಥದೊಂದು ಕಿರುಕಾದಂಬರಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸ್ಥಳ ಉತ್ತರ ಕೆರೊಲಿನಾದ ಬೆಟ್ಟದ ಊರು. ನಾಯಕಿ ಮಂಗಳೂರಿನಿಂದ ಹೋಗಿ ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳು, ನಾಯಕ ಮರದ ತೋಟದವನು. ನಮ್ಮ ದೀಪಾವಳಿ ವಿಶೇಷಾಂಕಗಳ ಉದ್ದಕ್ಕೆ ಹೊಂದುವಂತೆ ಬರೆಯಬೇಕೆಂದಿದ್ದೇನೆ.

ಉದ್ದದ ಬಗ್ಗೆ ಒಂದು ಮಾತು. ಪೂರ್ಣ ಕಾದಂಬರಿಯಲ್ಲಿ ಇಬ್ಬರು ದ್ವೇಷದಿಂದ ಆರಂಭಿಸಿ ಪ್ರೀತಿಗೆ ಬರಲು ಸಮಯವಿರುತ್ತದೆ. ನಾಲ್ಕು ವಾರ, ಇಪ್ಪತ್ತೈದು ಸಾವಿರ ಪದಗಳಲ್ಲಿ ಅದು ಆಗುವುದಿಲ್ಲ. ಅದಕ್ಕೇ ಈ ಕಥೆಗಳಲ್ಲಿ ಹಳೆಯ ಸ್ನೇಹಿತರು, ಹಿಂದೊಮ್ಮೆ ಪ್ರೀತಿಸಿದವರು, ಒಂದೇ ಬೀದಿಯಲ್ಲಿ ಬೆಳೆದವರು ಇಷ್ಟೊಂದು ಬರುತ್ತಾರೆ. ಅರ್ಧ ದಾರಿ ಕಥೆಗೆ ಮುಂಚೆಯೇ ಸವೆದಿರುತ್ತದೆ. ಸೂತ್ರ ಎಂದು ನಾವು ದೂರುವ ಎಷ್ಟೋ ಸಂಗತಿಗಳು ಹೀಗೆ ಉದ್ದದ ಒತ್ತಡದಿಂದ ಹುಟ್ಟಿದವು. ಹಿಮಪಾತದಲ್ಲಿ ಸಿಕ್ಕಿಬೀಳುವುದೂ ಅಷ್ಟೇ. ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸಲು ಅದಕ್ಕಿಂತ ಚಿಕ್ಕ ದಾರಿ ಇಲ್ಲ.

ನನಗೆ ತೊಡಕಾಗಿರುವುದು ಕೊನೆಗೆ ಮುಂಚಿನ ಅಗಲಿಕೆ. ಎಲ್ಲ ಕಥೆಗಳಲ್ಲಿಯೂ ಮುಕ್ಕಾಲು ಭಾಗ ಕಳೆದ ಮೇಲೆ ಇಬ್ಬರೂ ಬೇರೆಯಾಗಬೇಕು. ಹೇಗೆ ಬೇರೆ ಮಾಡಲಿ?

ಹಳೆ ಪುಸ್ತಕದಂಗಡಿ:

ದಯವಿಟ್ಟು ಫೋನಿನಲ್ಲಿ ಅರ್ಧ ಮಾತು ಕೇಳಿಸಿಕೊಂಡು ಮುನಿಸಿಕೊಂಡು ಹೋಗುವ ಹಾಗೆ ಬರೆಯಬೇಡಿ. ನಾಯಕಿ ಬಾಗಿಲ ಬಳಿ ನಿಂತಿರುತ್ತಾಳೆ, ಅವನು ಯಾರೊಂದಿಗೋ ‘ನನಗೆ ಅವಳು ಮುಖ್ಯವಲ್ಲ’ ಎಂಬ ಅರ್ಥ ಬರುವ ಮಾತಾಡುತ್ತಾನೆ, ಅವಳು ಪೆಟ್ಟಿಗೆ ಕಟ್ಟುತ್ತಾಳೆ. ಒಂದು ಪ್ರಶ್ನೆ ಕೇಳಿದ್ದರೆ ಬಗೆಹರಿಯುತ್ತಿದ್ದ ವಿಷಯಕ್ಕೆ ಮೂವತ್ತು ಪುಟ ಕಣ್ಣೀರು ಹಾಕಿಸುವುದು ಓದುಗರಿಗೆ ಮಾಡುವ ಅನ್ಯಾಯ. ಇಬ್ಬರೂ ಒಳ್ಳೆಯವರಾಗಿದ್ದು, ಇಬ್ಬರ ಮಾತಿನಲ್ಲೂ ನ್ಯಾಯವಿದ್ದು, ಆದರೂ ಒಂದೇ ಕಡೆ ಇರಲಾಗದ ಕಾರಣ ಬೇಕು.

ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಈ ಪ್ರಕಾರಕ್ಕೆ ಎರಡೇ ನಿಯಮ ಹೇಳಿತ್ತು: ಪ್ರೇಮಕಥೆ ಕೇಂದ್ರದಲ್ಲಿರಬೇಕು, ಕೊನೆ ಮನಸ್ಸಿಗೆ ತೃಪ್ತಿ ಕೊಡುವ, ಭರವಸೆಯ ಕೊನೆಯಾಗಿರಬೇಕು. ಸುಖಾಂತ ಮೊದಲೇ ಖಚಿತವಾಗಿರುವುದು ದೋಷ ಎಂದು ಟೀಕಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಗ್ರಂಥಾಲಯಕ್ಕೆ ಬರುತ್ತಿದ್ದ ಒಬ್ಬ ಹಿರಿಯ ಮಹಿಳೆ, ಗಂಡ ತೀರಿಕೊಂಡ ವರ್ಷ, ಬೇರೆ ಯಾವ ಪುಸ್ತಕವನ್ನೂ ಒಯ್ಯಲಿಲ್ಲ. ಈ ಪುಸ್ತಕದಲ್ಲಿ ಯಾರೂ ಸಾಯುವುದಿಲ್ಲ ಅಲ್ಲವೇ ಎಂದು ಕೇಳಿ ಖಾತ್ರಿ ಮಾಡಿಕೊಂಡೇ ತೆಗೆದುಕೊಳ್ಳುತ್ತಿದ್ದರು. ಕೊನೆ ಗೊತ್ತಿದ್ದರೆ ಮಾತ್ರ ನಡುವಿನ ದುಃಖವನ್ನು ಧೈರ್ಯವಾಗಿ ನೋಡುವವರು ಇದ್ದಾರೆ. ಈ ಕಥೆಗಳಲ್ಲಿ ವಿಧುರರು, ತಾಯಿಯಿಲ್ಲದ ಮಕ್ಕಳು, ಅಮ್ಮನ ಕೈಬರಹದ ಅಡುಗೆ ಚೀಟಿ ಇಟ್ಟುಕೊಂಡ ಮಗಳಂದಿರು ಎಷ್ಟೊಂದು ಇದ್ದಾರೆ ಎಂದು ಗಮನಿಸಿ.

ಕೆರೊಲಿನಾದಿಂದ:

ಬರೆಯುತ್ತಿರುವವರಿಗೆ: ಅಗಲಿಕೆಗೆ ನಾಯಕಿಯ ಉದ್ಯೋಗ ಬಿಡಿಸಬೇಡಿ. ನಗರದ ಕೆಲಸ ಬಿಟ್ಟು ಊರಲ್ಲಿ ನೆಲೆಸಿದರೇ ಪ್ರೀತಿ ನಿಜ ಎಂದು ಒಪ್ಪಿಸುವ ಕಥೆಗಳು ನನ್ನ ಹೆಂಡತಿಗೆ ಬೇಸರ ತರಿಸುತ್ತವೆ, ಅವಳೂ ದುಡಿಯುವವಳು. ನಿಮ್ಮ ನಾಯಕಿ ನರ್ಸ್ ಆಗಿರುವುದು ಒಳ್ಳೆಯದು, ಬೆಟ್ಟದ ಊರುಗಳಿಗೆ ನರ್ಸುಗಳ ಅಗತ್ಯ ಬಹಳ ಇದೆ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಈ ಬೆಟ್ಟಗಳಿಗೆ ಬಡಿಯಿತು. ರಸ್ತೆಗಳು ಕೊಚ್ಚಿಹೋದವು, ಕೆಲವು ತೋಟಗಳಲ್ಲಿ ಇಳಿಜಾರಿನ ಮಣ್ಣು ಮರಗಳ ಸಮೇತ ಜಾರಿತು. ಆ ವರ್ಷ ಮರ ತರಲು ಹೋಗಬೇಕೋ ಬೇಡವೋ ಎಂದು ಯೋಚಿಸಿ ಕೊನೆಗೆ ಹೋದೆವು. ತೋಟದವರು ಜಲ್ಲಿ ಸುರಿದು ತಾತ್ಕಾಲಿಕ ದಾರಿ ಮಾಡಿಕೊಂಡಿದ್ದರು. ‘ಬಂದಿರಲ್ಲ’ ಎಂದು ಕೈ ಹಿಡಿದುಕೊಂಡ ಆ ಮುದುಕರು ಹಿಂದಿನ ವರ್ಷಗಳಲ್ಲಿ ನಮ್ಮ ಜೊತೆ ದರ ಬಿಟ್ಟು ಬೇರೆ ಮಾತಾಡಿದವರಲ್ಲ. ಸಣ್ಣ ಊರು ಒಂದಾಗಿ ನಿಲ್ಲುವುದು ಕಥೆಗಾರರ ಕಲ್ಪನೆ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ, ಆ ದಿನದಿಂದ ಹಾಗೆ ಹೇಳುವುದನ್ನು ಬಿಟ್ಟೆ.

ತೋಟದಮನೆ ಓದುಗಿ:

ಅಗಲಿಕೆಯ ಕಾರಣ ಇಲ್ಲಿಯೇ ಸಿಕ್ಕಿತಲ್ಲವೇ? ಬೇರು ಕೊಳೆ ಬಂದ ಮಣ್ಣಿನಲ್ಲಿ ಮತ್ತೆ ಹತ್ತು ವರ್ಷದ ಮರ ನೆಡುವುದೋ, ತೋಟ ಬಿಟ್ಟು ಬೇರೆ ಊರಿಗೆ ಕೂಲಿಗೆ ಹೋಗುವುದೋ ಎಂದು ಅವನು ನಿರ್ಧರಿಸಬೇಕು. ಹತ್ತು ವರ್ಷ ಕಾಯಲು ಒಬ್ಬಳನ್ನು ಕೇಳುವ ಹಕ್ಕು ತನಗಿಲ್ಲ ಎಂದು ಅವನು ಬಾಯಿ ಮುಚ್ಚಿಕೊಂಡರೆ ಅದು ಮುನಿಸಲ್ಲ. ನಮ್ಮ ಕಡೆ ಬೋರ್ಡೋ ದ್ರಾವಣ ಸಿಂಪಡಿಸಿದರೂ ಕೊಳೆ ನಿಲ್ಲದ ವರ್ಷ, ಉದುರಿದ ಕಾಯಿಯನ್ನು ಗುಡ್ಡೆ ಹಾಕಿ ಅದರ ಮುಂದೆ ಮಾತಿಲ್ಲದೆ ನಿಂತ ಗಂಡಸರನ್ನು ನಾನು ನೋಡಿದ್ದೇನೆ. ಆ ಹೊತ್ತಿನಲ್ಲಿ ಅವರ ಹತ್ತಿರ ಹೋಗಿ ನಿಲ್ಲುವುದು ಎಷ್ಟು ಕಷ್ಟ ಎಂಬುದೂ ಗೊತ್ತು.

ಬರೆಯುತ್ತಿರುವವಳು:

ಎಲ್ಲರಿಗೂ ಋಣಿ. ನಿನ್ನೆ ರಾತ್ರಿ ಮೊದಲ ಅಧ್ಯಾಯವನ್ನು ಹರಿದುಹಾಕಿ ಹೊಸದಾಗಿ ಬರೆದೆ. ಕಥೆ ಈಗ ಜುಲೈಯಲ್ಲಿ ಆರಂಭವಾಗುತ್ತದೆ: ಮರ ಸವರುವಾಗ ಕತ್ತಿ ತಾಗಿ ಕಾಲು ಕುಯ್ದುಕೊಂಡ ಮೆಕ್ಸಿಕೋದ ಕೆಲಸಗಾರನನ್ನು ನಾಯಕ ಆಸ್ಪತ್ರೆಗೆ ಕರೆತರುತ್ತಾನೆ, ಹೊಲಿಗೆ ಹಾಕಿದ ಮೇಲೆ ಕಟ್ಟು ಕಟ್ಟುವವಳು ನಾಯಕಿ. ಆ ಕೆಲಸಗಾರನಿಗೆ ಕಥೆಯುದ್ದಕ್ಕೂ ಪಾತ್ರವಿದೆ. ಡಿಸೆಂಬರಿನಲ್ಲಿ ಅವಳು ತನ್ನ ಚಿಕ್ಕ ಮನೆಯಲ್ಲಿ ಒಬ್ಬಳೇ ಕಿಡಿಯೊ ಸುತ್ತುತ್ತಿರುವಾಗ ನಾಯಕ ಬಾಗಿಲು ತಟ್ಟುತ್ತಾನೆ, ಅವಳು ಏನೂ ಹೇಳದೆ ಅವನ ಕೈಗೆ ಒಂದು ಫೋರ್ಕ್ ಕೊಡುತ್ತಾಳೆ. ಈ ದೃಶ್ಯವನ್ನು ನಿಮ್ಮ ಮನೆಯಿಂದ ಎರವಲು ಪಡೆದಿದ್ದೇನೆ ಅಕ್ಕಾ, ಅನುಮತಿ ಕೊಡಬೇಕು. ಮರ ಸವರುವ ಕೈ ಆದ್ದರಿಂದ ಅವನಿಗೆ ಮೊದಲ ಸಲಕ್ಕೇ ಚೆನ್ನಾಗಿ ಬರುತ್ತದೆ ಎಂದು ಬರೆದಿದ್ದೇನೆ.

ಕಡಲತಡಿಯವಳು:

ಅನುಮತಿ ಖಂಡಿತ ಇದೆ, ಸಂತೋಷದಿಂದ. ಆದರೆ ಮೊದಲ ಸಲಕ್ಕೇ ಬರುತ್ತದೆ ಎಂಬುದನ್ನು ತೆಗೆಯಿರಿ, ಯಾರಿಗೂ ಬರುವುದಿಲ್ಲ. ಫೋರ್ಕಿನ ಬೆನ್ನಿಗೆ ಎಣ್ಣೆ ಸವರಿ, ನೆಲ್ಲಿಕಾಯಿಗಿಂತ ಚಿಕ್ಕ ಉಂಡೆಯನ್ನು ಹೆಬ್ಬೆರಳಿನಿಂದ ಅದರ ಮೇಲೆ ಚಪ್ಪಟೆ ಮಾಡಿ, ತುದಿಯಿಂದ ಸುರುಳಿ ಸುತ್ತಿಕೊಂಡು ಬಂದು ಅಂಚನ್ನು ಒತ್ತಬೇಕು. ಹೊಸಬರು ಜೋರಾಗಿ ಒತ್ತಿ ಗೆರೆಗಳನ್ನೆಲ್ಲ ಅಳಿಸಿಬಿಡುತ್ತಾರೆ, ಇಲ್ಲವೇ ಅಂಚು ಒತ್ತುವುದನ್ನೇ ಮರೆತು ಎಣ್ಣೆಯಲ್ಲಿ ಅದು ಬಿಚ್ಚಿಕೊಳ್ಳುತ್ತದೆ. ನನ್ನ ಗಂಡನ ಮೊದಲ ತಟ್ಟೆಯಲ್ಲಿ ಅರ್ಧಕ್ಕರ್ಧ ಬಿಚ್ಚಿಕೊಂಡಿದ್ದವು. ಅಮ್ಮ ಅವನ್ನು ಬೇರೆ ಡಬ್ಬಿಗೆ ಹಾಕಿ ಮನೆಯವರಿಗೆಂದು ಇಟ್ಟುಕೊಂಡರು, ನೆರೆಮನೆಗೆ ಕೊಡುವ ತಟ್ಟೆಗೆ ಸೇರಿಸಲಿಲ್ಲ. ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿಡುವುದನ್ನೂ ಬರೆಯಿರಿ, ಅಲ್ಲಿನ ಚಳಿಗಾಲದ ಹೀಟರ್ ಗಾಳಿಗೆ ಅದು ಬೇಗ ಒಣಗುತ್ತದೆ.